ಅರ್ಧವಿರಾಮ ಎಲ್ಲಿ ಹಾಕಬೇಕು, ಎಲ್ಲಿ ಬೇಡ?

ಧಾರವಾಡದಲ್ಲಿ ಕೂತು ಬೇರೆಯವರ ಬರಹದ ಕರಡು ತಿದ್ದುವುದು ನನ್ನ ಕೆಲಸ. ಪುಸ್ತಕ, ಸ್ಮರಣ ಸಂಚಿಕೆ, ಸಂಘದ ವರದಿ, ಕರಪತ್ರ, ಮದುವೆ ಪತ್ರಿಕೆ, ಎಲ್ಲವೂ ಬರುತ್ತವೆ. ತಿದ್ದಿದ ಹಾಳೆ ವಾಪಸ್ ಹೋದ ಮೇಲೆ ಫೋನ್ ಬರುತ್ತದೆ. "ಸರ್, ಇಲ್ಲಿ ಚುಕ್ಕಿ ಕೆಳಗೆ ಅಲ್ಪವಿರಾಮ ಬಂದಿದೆ, ಟೈಪಿಂಗ್ ತಪ್ಪಾ? ತೆಗೆದುಬಿಡಲಾ?" ತಿಂಗಳಿಗೆ ನಾಲ್ಕೈದು ಸಲವಾದರೂ ಈ ಪ್ರಶ್ನೆ ನನಗೆ ಬರುತ್ತದೆ. ತಪ್ಪಲ್ಲ, ತೆಗೆಯಬೇಡಿ. ಅದರ ಹೆಸರು ಅರ್ಧವಿರಾಮ (;). ಎಲ್ಲಿ ಹಾಕಬೇಕು ಎಂದು ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅಂತ ಇದನ್ನು ಬರೆಯುತ್ತಿದ್ದೇನೆ.

ಈ ಚಿಹ್ನೆ ಯಾಕೆ ಕಡಿಮೆಯಾಯಿತು ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಮುಂದಿನ ಹಂತಗಳಿಗೆ ಅದು ಬೇಕಾಗುತ್ತದೆ. ಸುಭಾಸ ರಸ್ತೆಯ ಪುಸ್ತಕದಂಗಡಿಯಲ್ಲಿ ಐವತ್ತು ಅರವತ್ತು ವರ್ಷ ಹಳೆಯ ಪ್ರಬಂಧದ ಪುಸ್ತಕ ಸಿಕ್ಕರೆ ತೆರೆದು ನೋಡಿ, ಪುಟ ತಿರುಗಿಸಿದಂತೆ ಈ ಚಿಹ್ನೆ ಕಣ್ಣಿಗೆ ಬೀಳುತ್ತದೆ. ಈಗಿನ ಬರಹದಲ್ಲಿ ಅದರ ಜಾಗವನ್ನು ಎರಡು ಚಿಹ್ನೆಗಳು ಹಂಚಿಕೊಂಡಿವೆ: ಒಂದು ಅಲ್ಪವಿರಾಮ, ಇನ್ನೊಂದು ಮೂರು ಚುಕ್ಕಿ. ಸುದ್ದಿ ಬರೆಯುವವರು ವಾಕ್ಯ ಗಿಡ್ಡ ಮಾಡಿದರು, ಅದು ಒಳ್ಳೆಯದೇ. ಫೋನಿನಲ್ಲಿ ಬರೆಯುವಾಗ ಈ ಚಿಹ್ನೆ ಹುಡುಕಲು ಇನ್ನೊಂದು ಪುಟಕ್ಕೆ ಹೋಗಬೇಕು. ಶಾಲೆಯಲ್ಲಿ ಇದು ಒಂದು ಅಂಕದ ಪ್ರಶ್ನೆ ಆಗಿತ್ತು. ಹೆಸರು ಕಲಿತೆವು, ಬಳಕೆ ಕಲಿಯಲಿಲ್ಲ.

"ಇದು ನಮ್ಮದಲ್ಲ, ಹೋದರೆ ಹೋಗಲಿ ಬಿಡಿ" ಎನ್ನುವವರೂ ಇದ್ದಾರೆ. ನಮ್ಮದಲ್ಲ ಎನ್ನುವುದು ನಿಜ. ಓಲೆಗರಿಯಲ್ಲಿ ಪದ ಪದಗಳ ನಡುವೆ ಜಾಗವನ್ನೂ ಬಿಡುತ್ತಿರಲಿಲ್ಲ, ಪದ್ಯ ಮುಗಿದಾಗ ಒಂದು ಗೆರೆಯೋ ಎರಡು ಗೆರೆಯೋ (। ॥) ಎಳೆದರೆ ಆಯಿತು. ಅರ್ಧವಿರಾಮ ಹುಟ್ಟಿದ್ದು 15ನೇ ಶತಮಾನದ ಕೊನೆಗೆ, ಇಟಲಿಯ ವೆನಿಸ್ ನಗರದಲ್ಲಿ, ಆಲ್ಡಸ್ ಮನೂಟಿಯಸ್ ಎಂಬ ಮುದ್ರಕನ ಅಚ್ಚುಕೂಟದಲ್ಲಿ. ಕನ್ನಡಕ್ಕೆ ಅದು 19ನೇ ಶತಮಾನದಲ್ಲಿ ಅಚ್ಚಿನ ಮೊಳೆಗಳ ಜೊತೆ ಬಂತು. ಆದರೆ ಪೂರ್ಣವಿರಾಮ, ಅಲ್ಪವಿರಾಮ, ಪ್ರಶ್ನೆ ಚಿಹ್ನೆ ಬಂದದ್ದೂ ಅದೇ ದಾರಿಯಲ್ಲಿ ಅಲ್ವಾ? ಅವನ್ನು ಯಾರೂ ಬಿಡಲಿಲ್ಲ.

ಏನೇನು ಬೇಕು

ನೀವೇ ಬರೆದ ಒಂದು ಪುಟ. ಅದನ್ನು ಗಟ್ಟಿಯಾಗಿ ಓದಲು ಹತ್ತು ನಿಮಿಷ. ಜೊತೆಗೆ ಎರಡು ಮಾತಿನ ಪರಿಚಯ.

ಒಂದು, ಪೂರ್ಣ ಕ್ರಿಯಾಪದ. ಬಂತು, ಹೋದರು, ನೋಡುತ್ತೇನೆ, ಇದೆ, ಇಲ್ಲ, ಬೇಕು: ಇವು ಮಾತನ್ನು ಮುಗಿಸುವ ಪದಗಳು. ಎರಡು, ಅಪೂರ್ಣ ಕ್ರಿಯಾಪದ. ಬಂದು, ಬಂದರೆ, ಬಂದರೂ, ಬರುತ್ತಾ, ಬರಲು: ಇವು ಮುಂದೆ ಇನ್ನೂ ಮಾತಿದೆ ಎಂದು ಹೇಳುವ ಪದಗಳು. ವ್ಯಾಕರಣದ ಪುಸ್ತಕದಲ್ಲಿ ಇವಕ್ಕೆ ಕೃದಂತಾವ್ಯಯ ಎನ್ನುತ್ತಾರೆ. ಆ ಹೆಸರು ಮರೆತರೂ ನಡೆಯುತ್ತದೆ, ವ್ಯತ್ಯಾಸ ಮಾತ್ರ ಮರೆಯಬೇಡಿ.

ಹಂತ 1: ಆಕಾರ ಗುರುತಿಸಿ

ಅಲ್ಪವಿರಾಮ (,) ಅಂದರೆ ಸಣ್ಣ ನಿಲುಗಡೆ. ಅರ್ಧವಿರಾಮ (;) ಅದಕ್ಕಿಂತ ಸ್ವಲ್ಪ ದೊಡ್ಡದು, ಪೂರ್ಣವಿರಾಮಕ್ಕಿಂತ ಚಿಕ್ಕದು. ಒಂದರ ಮೇಲೊಂದು ಎರಡು ಚುಕ್ಕಿ (:) ಬಂದರೆ ಅದು ಬೇರೆ ಚಿಹ್ನೆ. 'ಇಗೋ, ಪಟ್ಟಿ ಬಂತು, ವಿವರಣೆ ಬಂತು' ಎಂದು ಅದು ಹೇಳುತ್ತದೆ. ಅರ್ಜಿಯಲ್ಲಿ 'ವಿಷಯ' ಎಂದು ಬರೆದ ಮೇಲೆ ಹಾಕುತ್ತೇವಲ್ಲ, ಅದು.

ಇಲ್ಲೊಂದು ಎಚ್ಚರಿಕೆ. ವಿಸರ್ಗ (ಃ) ಮತ್ತು ಎರಡು ಚುಕ್ಕಿ (:) ನೋಡಲು ಒಂದೇ ಥರ ಇದ್ದರೂ ಬೇರೆ ಬೇರೆ. ಶ್ರದ್ಧಾಂಜಲಿ ಬ್ಯಾನರ್‌ಗಳಲ್ಲಿ 'ದು:ಖ' ಎಂದು ಅಚ್ಚಾಗಿರುವುದನ್ನು ಎಷ್ಟು ಸಲ ನೋಡಿದ್ದೇನೆ. ಅದು 'ದುಃಖ' ಆಗಬೇಕು. ನಮ್ಮ ಕಡೆ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ 'ಅಂತಃಕರಣ' ಪದಕ್ಕೂ ಇದೇ ಗತಿ. ವಿಸರ್ಗ ಅಕ್ಷರಕ್ಕೆ ಅಂಟಿದ ಗುರುತು, ಎರಡು ಚುಕ್ಕಿ ಹೊರಗಿನ ಚಿಹ್ನೆ. ತಪ್ಪು ಹಾಕಿದರೆ ಹುಡುಕಿದಾಗ ಪದ ಸಿಗುವುದಿಲ್ಲ, ಸಾಲಿನ ಕೊನೆಯಲ್ಲಿ ಪದ ಎರಡು ತುಂಡಾಗಲೂಬಹುದು.

ಹಂತ 2: ಕೀಲಿಮಣೆಯಲ್ಲಿ ಹುಡುಕಿ

ಬಹಳ ಜನ ಈ ಚಿಹ್ನೆ ಬಿಟ್ಟದ್ದಕ್ಕೆ ವ್ಯಾಕರಣ ಕಾರಣವಲ್ಲ, ಅದು ಬೆರಳಿಗೆ ಸಿಗಲಿಲ್ಲ ಅಷ್ಟೆ.

ಕಂಪ್ಯೂಟರಿನಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸ ಬಳಸುವವರು ಗಮನಿಸಿ. ಇಂಗ್ಲಿಷಿನಲ್ಲಿ ಅರ್ಧವಿರಾಮ ಬರುವ ಕೀಲಿ, ಅಂದರೆ ಎಲ್ ಅಕ್ಷರದ ಬಲಕ್ಕಿರುವುದು, ಇನ್‌ಸ್ಕ್ರಿಪ್ಟ್‌ನಲ್ಲಿ 'ಚ' ಕೊಡುತ್ತದೆ. ಶಿಫ್ಟ್ ಹಿಡಿದು ಒತ್ತಿದರೆ 'ಛ'. ಅರ್ಧವಿರಾಮ ಬರುವುದೇ ಇಲ್ಲ. ಒಂದು ಕ್ಷಣ ಇಂಗ್ಲಿಷಿಗೆ ಹೋಗಿ, ಚಿಹ್ನೆ ಒತ್ತಿ, ಮತ್ತೆ ಕನ್ನಡಕ್ಕೆ ಬರಬೇಕು. ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಕೆ.ಪಿ. ರಾವ್ ವಿನ್ಯಾಸದಲ್ಲಿ, ಅಂದರೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆ, ಈ ತೊಂದರೆ ಇಲ್ಲ. ಕನ್ನಡದ ಅಕ್ಷರಗಳೆಲ್ಲ ಇಂಗ್ಲಿಷ್ ಅಕ್ಷರಗಳ ಕೀಲಿಗಳಲ್ಲೇ ಕೂರುವುದರಿಂದ ಚಿಹ್ನೆಗಳು ತಮ್ಮ ಜಾಗದಲ್ಲೇ ಇರುತ್ತವೆ.

ಫೋನಿನಲ್ಲಿ ಜಿಬೋರ್ಡ್ ಇದ್ದರೆ ?123 ಎಂದಿರುವ ಕೀಲಿ ಒತ್ತಿ, ಮೊದಲ ಪುಟದಲ್ಲೇ ಸಿಗುತ್ತದೆ. ಮಾತಾಡಿ ಟೈಪ್ ಮಾಡುವವರು, ಬರಹ ಮುಗಿದ ಮೇಲೆ ಚಿಹ್ನೆಗಳಿಗಾಗಿ ಒಂದು ಸಲ ಕೈಯಾಡಿಸಲೇಬೇಕು. ಹಳೆಯ ಫಾಂಟಿನ ಬರಹವನ್ನು ಯುನಿಕೋಡ್‌ಗೆ ಬದಲಾಯಿಸಿದಾಗಲೂ ಅಷ್ಟೆ, ಅಕ್ಷರದ ಜೊತೆ ಚಿಹ್ನೆಗಳನ್ನೂ ಮೂಲದ ಜೊತೆ ಇಟ್ಟು ನೋಡಿ.

ಹಂತ 3: ಕ್ರಿಯಾಪದ ನೋಡಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಈ ಸಾಲು ತಗೊಳ್ಳಿ:

ಮುಂಗಾರು ಕೈಕೊಟ್ಟಿತು, ಹಿಂಗಾರು ಕೈಹಿಡಿಯಿತು.

'ಕೈಕೊಟ್ಟಿತು' ಪೂರ್ಣ ಕ್ರಿಯಾಪದ. 'ಕೈಹಿಡಿಯಿತು' ಕೂಡ ಪೂರ್ಣ. ಎರಡೂ ತಮ್ಮ ಕಾಲ ಮೇಲೆ ನಿಲ್ಲುವ ವಾಕ್ಯಗಳು, ನಡುವೆ 'ಆದರೆ' ಇಲ್ಲ, 'ಮತ್ತು' ಇಲ್ಲ. ಇಷ್ಟು ಗಟ್ಟಿ ವಾಕ್ಯಗಳನ್ನು ಹಿಡಿದಿಡಲು ಅಲ್ಪವಿರಾಮಕ್ಕೆ ಬಲ ಸಾಲದು. ಈಗ ಪೂರ್ಣವಿರಾಮ ಹಾಕಿ ನೋಡಿ:

ಮುಂಗಾರು ಕೈಕೊಟ್ಟಿತು. ಹಿಂಗಾರು ಕೈಹಿಡಿಯಿತು.

ತಪ್ಪಿಲ್ಲ. ಆದರೆ ಎರಡು ಬೇರೆ ಬೇರೆ ಸುದ್ದಿ ಓದಿದ ಹಾಗೆ ಆಯಿತು. ಜೂನ್‌ನಲ್ಲಿ ಆಕಾಶ ನೋಡುತ್ತ ಕೂತವನು ಮತ್ತು ಅಕ್ಟೋಬರ್‌ನಲ್ಲಿ ಕಡಲೆ ಬಿತ್ತಿದವನು ಒಬ್ಬನೇ ರೈತ ಎನ್ನುವುದು ಕಿವಿಗೆ ಬೀಳಲಿಲ್ಲ.

ಮುಂಗಾರು ಕೈಕೊಟ್ಟಿತು; ಹಿಂಗಾರು ಕೈಹಿಡಿಯಿತು.

ಈಗ ಅದು ಒಂದು ವರ್ಷದ ಕಥೆ. ಮೊದಲ ಅರ್ಧ ಎರಡನೆಯದಕ್ಕೆ ಕಾಯುತ್ತದೆ.

ನಾಲ್ಕನೆಯ ದಾರಿಯೂ ಇದೆ, ಅದು ಅಪ್ಪಟ ಕನ್ನಡದ ದಾರಿ: ಮುಂಗಾರು ಕೈಕೊಟ್ಟರೂ ಹಿಂಗಾರು ಕೈಹಿಡಿಯಿತು. ಇಲ್ಲಿ 'ಕೈಕೊಟ್ಟರೂ' ಅಪೂರ್ಣ. ಆ 'ರೂ' ಇದೆಯಲ್ಲ, ಅದೇ ಕೊಂಡಿ. ಚಿಹ್ನೆ ಬೇಕೇ ಇಲ್ಲ. ನಮ್ಮ ಭಾಷೆಯಲ್ಲಿ ವಾಕ್ಯ ಜೋಡಿಸುವ ಕೆಲಸವನ್ನು ಕ್ರಿಯಾಪದದ ಬಾಲವೇ ಮಾಡುತ್ತದೆ. ಆದ್ದರಿಂದಲೇ ಕನ್ನಡಕ್ಕೆ ಅರ್ಧವಿರಾಮ ಇಂಗ್ಲಿಷಿನಷ್ಟು ಬೇಕಾಗುವುದಿಲ್ಲ. ಆದರೆ ಕೊಂಡಿ ಬಿಟ್ಟು, ಎರಡು ಗಟ್ಟಿ ವಾಕ್ಯಗಳನ್ನು ಎದುರುಬದುರು ಕೂರಿಸಿದಾಗ ಬೇಕೇ ಬೇಕು.

ನಿಯಮ ಇಷ್ಟೇ: ಮೊದಲ ಭಾಗ ಪೂರ್ಣ ಕ್ರಿಯಾಪದದಿಂದ ಮುಗಿದಿದೆಯಾ? ಅರ್ಧವಿರಾಮದ ಬಗ್ಗೆ ಯೋಚಿಸಿ. ಬಂದು, ಬಂದರೆ, ಬಂದರೂ ಥರ ಇದೆಯಾ? ಅಲ್ಪವಿರಾಮ ಸಾಕು, ಎಷ್ಟೋ ಸಲ ಅದೂ ಬೇಡ.

ಸಾಮಾನ್ಯ ತಪ್ಪು ಇಲ್ಲೇ ಆಗುವುದು. ಉಪವಾಕ್ಯಗಳು ಮುಗಿದಾಗಲೆಲ್ಲ ಅರ್ಧವಿರಾಮ ಹಾಕಬೇಕು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು "ಗದಗಕ್ಕೆ ಹೋಗಿ; ವೀರನಾರಾಯಣ ಗುಡಿ ನೋಡಿ; ಊಟ ಮಾಡಿ; ಸಂಜೆ ವಾಪಸ್ ಬಂದೆವು" ಎಂದು ಬರೆಯುತ್ತಾರೆ. ಹೋಗಿ, ನೋಡಿ, ಮಾಡಿ ಎಲ್ಲ ಅಪೂರ್ಣ. ಅಲ್ಪವಿರಾಮ ಹಾಕಿದರೆ ಸಾಕು. ಇಲ್ಲಿ ಇನ್ನೊಂದು ಅಪಾಯವೂ ಇದೆ: ಅರ್ಧವಿರಾಮದಿಂದ ತುಂಡು ಮಾಡಿದರೆ 'ಗುಡಿ ನೋಡಿ' ಎನ್ನುವುದು ಓದುಗರಿಗೆ ಹೇಳಿದ ಮಾತಿನ ಹಾಗೆ ಕೇಳುತ್ತದೆ.

ಹಂತ 4: ಎರಡಕ್ಕೂ ಸಂಬಂಧ ಇದೆಯಾ?

ಎರಡು ಪೂರ್ಣ ವಾಕ್ಯ ಪಕ್ಕ ಪಕ್ಕ ಬಂದ ಮಾತ್ರಕ್ಕೆ ಅರ್ಧವಿರಾಮ ಬರುವುದಿಲ್ಲ. "ಸಭೆ 11 ಗಂಟೆಗೆ ಶುರುವಾಯಿತು; ಬ್ಯಾಡಗಿ ಮೆಣಸಿನಕಾಯಿ ದರ ಏರಿದೆ" ಎಂದರೆ ಓದುವವರು ಎರಡರ ನಂಟು ಹುಡುಕುತ್ತಾ ನಿಲ್ಲುತ್ತಾರೆ. ಅಲ್ಲಿ ಪೂರ್ಣವಿರಾಮ ಹಾಕಿ.

ಸಂಬಂಧ ಪತ್ತೆ ಮಾಡುವುದು ಹೇಗೆ? ಗಾದೆಗಳನ್ನು ನೆನಪಿಸಿಕೊಳ್ಳಿ. "ಊಟ ಬಲ್ಲವನಿಗೆ ರೋಗವಿಲ್ಲ; ಮಾತು ಬಲ್ಲವನಿಗೆ ಜಗಳವಿಲ್ಲ." "ಬೆಕ್ಕಿಗೆ ಆಟ; ಇಲಿಗೆ ಪ್ರಾಣಸಂಕಟ." ಮನೆಯಲ್ಲಿ ಹಿರಿಯರು ಇವನ್ನು ಹೇಳುವಾಗ ನಡುವೆ ಎಷ್ಟು ಹೊತ್ತು ನಿಲ್ಲುತ್ತಾರೆ ಕೇಳಿ. ಮುಗಿಸುವ ನಿಲುಗಡೆ ಅಲ್ಲ, ದನಿ ಇಳಿಯುವುದಿಲ್ಲ. ಆದರೆ ಅಲ್ಪವಿರಾಮದಷ್ಟು ಚುಟುಕೂ ಅಲ್ಲ. ಅದೇ ಅರ್ಧವಿರಾಮದ ಅಳತೆ. ಚಿಹ್ನೆ ಇಟಲಿಯಿಂದ ಬಂದಿರಬಹುದು, ಆ ನಿಲುಗಡೆ ಮಾತ್ರ ನಮ್ಮ ಬಾಯಲ್ಲಿ ಮೊದಲಿನಿಂದ ಇದ್ದದ್ದು. "ದೇವರು ಕೊಟ್ಟರೂ ಪೂಜಾರಿ ಕೊಡ" ಎನ್ನುವಾಗ ಹಾಗೆ ನಿಲ್ಲುವುದಿಲ್ಲ, ಯಾಕೆಂದರೆ ಅಲ್ಲಿ 'ರೂ' ಇದೆ. ನಿಮ್ಮ ವಾಕ್ಯವನ್ನೂ ಗಾದೆಯ ಧಾಟಿಯಲ್ಲಿ ಹೇಳಿ ನೋಡಿ. ಒಪ್ಪಿದರೆ ಅರ್ಧವಿರಾಮ ಹಾಕಿ.

ವಿದ್ಯಾನಗರದ ಕಡೆ ಎಂಜಿನಿಯರಿಂಗ್ ಓದುವ ಹುಡುಗರಿಗೆ ಒಂದು ಮಾತು. ನೀವು ಸಿ ಅಥವಾ ಜಾವಾದಲ್ಲಿ ಈ ಚಿಹ್ನೆಯನ್ನು ದಿನವಿಡೀ ಒತ್ತುತ್ತೀರಿ. ಅಲ್ಲಿ ಅದರ ಅರ್ಥ 'ಈ ಆಜ್ಞೆ ಮುಗಿಯಿತು'. ಕನ್ನಡ ಬರಹದಲ್ಲಿ ತದ್ವಿರುದ್ಧ, 'ಇನ್ನೂ ಮುಗಿದಿಲ್ಲ, ಬನ್ನಿ'. ಹಾಗಾಗಿ ಪ್ಯಾರಾದ ಕೊನೆಗೆ ಇದನ್ನು ಹಾಕಿ ಬಿಡಬೇಡಿ.

ಹಂತ 5: ಪಟ್ಟಿಯೊಳಗೆ ಪಟ್ಟಿ ಬಂದಾಗ

ಮೇಲಿನ ನಾಲ್ಕು ಹಂತ ಬೇಡ ಎನಿಸಿದರೂ ಇದೊಂದನ್ನು ಬಿಡಬೇಡಿ. ಕೆಲವು ವರ್ಷಗಳ ಹಿಂದೆ ಒಂದು ಉತ್ಸವದ ಕರಪತ್ರದ ಕರಡು ನನ್ನ ಕೈದಾಟಿ ಹೋಯಿತು. ಅದರಲ್ಲಿ ಹೀಗಿತ್ತು:

ಭಾಗವಹಿಸುವ ತಂಡಗಳು: ಜಗ್ಗಲಗಿ, ಡೊಳ್ಳು, ಕುಂದಗೋಳ, ಭಜನೆ, ಶಿಗ್ಗಾಂವಿ, ಕೋಲಾಟ, ಹೆಜ್ಜೆಮೇಳ, ನವಲಗುಂದ.

ಎಷ್ಟು ತಂಡ ಹೇಳಿ? ಊಟ ವಸತಿ ನೋಡಿಕೊಳ್ಳುವವರು ಐದು ಎಂದು ಎಣಿಸಿದರು, ಐದು ಕೋಣೆ ಹಿಡಿದರು. ಬಂದದ್ದು ಮೂರು. ಕುಂದಗೋಳದ ತಂಡವೇ ಜಗ್ಗಲಗಿ, ಡೊಳ್ಳು ಎರಡನ್ನೂ ಬಾರಿಸುತ್ತಿತ್ತು. ನವಲಗುಂದದವರೇ ಕೋಲಾಟ, ಹೆಜ್ಜೆಮೇಳ ಎರಡನ್ನೂ ಆಡುವವರು. ತಪ್ಪು ನನ್ನದು, ನಾನು ಹಿಡಿಯಬೇಕಿತ್ತು. ಎರಡು ಚಿಹ್ನೆ ಬದಲಿಸಿದ್ದರೆ ಸಾಕಿತ್ತು:

ಜಗ್ಗಲಗಿ, ಡೊಳ್ಳು, ಕುಂದಗೋಳ; ಭಜನೆ, ಶಿಗ್ಗಾಂವಿ; ಕೋಲಾಟ, ಹೆಜ್ಜೆಮೇಳ, ನವಲಗುಂದ.

ಒಳಗಿನ ಸಣ್ಣ ಪಟ್ಟಿಗೆ ಅಲ್ಪವಿರಾಮ, ಹೊರಗಿನ ದೊಡ್ಡ ಪಟ್ಟಿಗೆ ಅರ್ಧವಿರಾಮ. ಹೊಲದಲ್ಲಿ ಸಾಲು ಬೇರೆ, ಬದು ಬೇರೆ ಅಲ್ವಾ, ಹಾಗೆ. ನಮ್ಮ ಸಂವಿಧಾನದ ಪ್ರಸ್ತಾವನೆಯ ಇಂಗ್ಲಿಷ್ ಪಾಠ ತೆಗೆದು ನೋಡಿ, 1949ರ ನವೆಂಬರ್ 26ರಂದು ಅಂಗೀಕರಿಸಿದ್ದು. ಸಾಮಾಜಿಕ, ಆರ್ಥಿಕ, ರಾಜಕೀಯ ಎಂಬ ಮೂರು ನ್ಯಾಯಗಳು ಮುಗಿದ ಮೇಲೆ ಒಂದು ಅರ್ಧವಿರಾಮ. ವಿಚಾರ, ಅಭಿವ್ಯಕ್ತಿ, ನಂಬಿಕೆಗಳ ಸ್ವಾತಂತ್ರ್ಯ ಮುಗಿದ ಮೇಲೆ ಇನ್ನೊಂದು. ಸಮಾನತೆಯ ನಂತರ ಮತ್ತೊಂದು. ಅವನ್ನೆಲ್ಲ ಅಲ್ಪವಿರಾಮ ಮಾಡಿಬಿಟ್ಟರೆ ಯಾವ ವಿಶೇಷಣ ಯಾವುದಕ್ಕೆ ಸೇರಿದ್ದು ಎಂದು ಹುಡುಕಬೇಕಾಗುತ್ತದೆ. ಹಲವು ನಿಘಂಟುಗಳಲ್ಲೂ ಇದೇ ಪದ್ಧತಿ: ಹತ್ತಿರದ ಅರ್ಥಗಳ ನಡುವೆ ಅಲ್ಪವಿರಾಮ, ಅರ್ಥ ಬೇರೆಯಾದಲ್ಲಿ ಅರ್ಧವಿರಾಮ.

ಕಾರ್ಯಕ್ರಮದ ವೇಳೆಗೂ ಹೀಗೆಯೇ: ಹುಬ್ಬಳ್ಳಿ, ಬೆಳಿಗ್ಗೆ 10; ಗದಗ, ಮಧ್ಯಾಹ್ನ 2; ಹಾವೇರಿ, ಸಂಜೆ 6. ಜಾಗ ಇದ್ದರೆ ಒಂದೊಂದನ್ನೂ ಒಂದೊಂದು ಸಾಲಿನಲ್ಲಿ ಬರೆಯುವುದು ಇನ್ನೂ ಒಳ್ಳೆಯದು, ಆಗ ಅರ್ಧವಿರಾಮ ಬೇಕಾಗುವುದಿಲ್ಲ. ಆದರೆ ಕರಪತ್ರದಲ್ಲಿ ಜಾಗ ಎಲ್ಲಿರುತ್ತದೆ?

ಹಂತ 6: 'ಆದರೆ', 'ಆದ್ದರಿಂದ' ಬಂದಾಗ

ವಾಕ್ಯ ಚಿಕ್ಕದಿದ್ದರೆ ಅಲ್ಪವಿರಾಮ ಸಾಕು: ಬಸ್ಸು ಬಂತು, ಆದರೆ ನಿಲ್ಲಲಿಲ್ಲ. ಮೊದಲ ಭಾಗದಲ್ಲಿ ಆಗಲೇ ಅಲ್ಪವಿರಾಮಗಳು ತುಂಬಿದ್ದರೆ ಮಾತ್ರ ಅರ್ಧವಿರಾಮ ಹಾಕಿ: ಹುಬ್ಬಳ್ಳಿಯಿಂದ ಗದಗ, ಗದಗಿನಿಂದ ರೋಣ, ಅಲ್ಲಿಂದ ಟಂಟಂ ಹತ್ತಿ ಊರಿಗೆ ಹೋದೆವು; ಆದರೆ ಮನೆಗೆ ಬೀಗ ಹಾಕಿತ್ತು. ಹಾಗಾಗಿ, ಆದ್ದರಿಂದ, ಇಲ್ಲದಿದ್ದರೆ, ಇವಕ್ಕೂ ಇದೇ ಲೆಕ್ಕ.

ಹಂತ 7: ಇಲ್ಲೆಲ್ಲ ಬೇಡ

'ಎಂದು', 'ಅಂತ' ಪದಗಳ ಹಿಂದೆ ಬೇಡ. "ನಾಳೆ ಬರುತ್ತೇನೆ ಎಂದು ಹೇಳಿದ" ಎನ್ನುವಲ್ಲಿ 'ಬರುತ್ತೇನೆ' ಪೂರ್ಣ ಕ್ರಿಯಾಪದವಾದರೂ 'ಎಂದು' ಅದನ್ನು ಹಿಡಿದುಕೊಂಡಿದೆ. ಹಂತ 3ರ ನಿಯಮ ಕಲಿತವರು ಎಡವುವುದು ಇಲ್ಲೇ.

'ಸನ್ಮಾನ್ಯರೇ' ಥರದ ಸಂಬೋಧನೆಯ ಮುಂದೆ ಬೇಡ, ಅಲ್ಲಿ ಅಲ್ಪವಿರಾಮ. ಪಟ್ಟಿ ಶುರುವಾಗುವ ಮುಂಚೆ ಬೇಡ, ಅಲ್ಲಿ ಎರಡು ಚುಕ್ಕಿ. ಫ್ಲೆಕ್ಸ್ ಬ್ಯಾನರಿನಲ್ಲೂ ಬೇಡ. ರಸ್ತೆಯಲ್ಲಿ ಹೋಗುವವರಿಗೆ ದೂರದಿಂದ ಅದು ಕಾಣುವುದೇ ಇಲ್ಲ, ಸಾಲು ಮುರಿದು ಬರೆಯಿರಿ.

ವಚನ, ಹಳೆಯ ಪದ್ಯ ಉದ್ಧರಿಸುವಾಗ ನೀವಾಗಿ ಸೇರಿಸಬೇಡಿ. ಅಲ್ಲಿ ಕಾಣುವ ಚಿಹ್ನೆಗಳು ಸಂಪಾದಕರು ಓದಿನ ಅನುಕೂಲಕ್ಕೆ ಇಟ್ಟವು. ಯಾವ ಪ್ರತಿಯಿಂದ ತಗೊಂಡಿರೋ ಅದರಲ್ಲಿ ಇರುವ ಹಾಗೇ ಬರೆಯಿರಿ. ಕುಮಾರವ್ಯಾಸನ ಷಟ್ಪದಿಯ ಕೊನೆಗೆ ಎರಡು ಗೆರೆ ಇದ್ದರೆ ಎರಡು ಗೆರೆಯೇ ಇರಲಿ.

ಇನ್ನು ಆ ಮೂರು ಚುಕ್ಕಿ. "ನಿನ್ನೆ ಬಂದಿದ್ದೆ... ನೀವು ಇರಲಿಲ್ಲ... ವಾಪಸ್ ಹೋದೆ..." ಇದರಲ್ಲಿ ಹೇಳಲಾರದೆ ಬಿಟ್ಟ ಮಾತು ಏನೂ ಇಲ್ಲ. ಮೂರು ಚುಕ್ಕಿ ಇರುವುದು ಬಿಟ್ಟ ಮಾತಿಗೆ. ಸುಮ್ನೆ ಎಲ್ಲ ಕಡೆ ಇಟ್ಟರೆ, ನಿಜವಾಗಿ ಗಂಟಲು ಕಟ್ಟಿದ ಜಾಗದಲ್ಲಿ ಅದಕ್ಕೆ ಬೆಲೆ ಇರುವುದಿಲ್ಲ. "ನಿನ್ನೆ ಬಂದಿದ್ದೆ; ನೀವು ಇರಲಿಲ್ಲ. ವಾಪಸ್ ಹೋದೆ." ಹೀಗೆ ಬರೆದು ನೋಡಿ, ಎಷ್ಟು ನೇರವಾಗಿದೆ.

ಹಂತ 8: ಜಾಗ ಬಿಡುವುದು

ಚಿಹ್ನೆಯ ಹಿಂದೆ ಜಾಗ ಬೇಡ, ಮುಂದೆ ಒಂದು ಜಾಗ. ಹಿಂದೆ ಜಾಗ ಬಿಟ್ಟರೆ ಅರ್ಧವಿರಾಮ ಒಂಟಿಯಾಗಿ ಮುಂದಿನ ಸಾಲಿನ ತಲೆಗೆ ಹೋಗಿ ಕೂರುತ್ತದೆ. ಡಿಟಿಪಿಯವರು ಪುಟ ಕಟ್ಟಿದ ಮೇಲೆ ಸಾಲುಗಳ ಶುರುವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರೆ ಇದು ಸಿಕ್ಕಿಬೀಳುತ್ತದೆ.

ಹಂತ 9: ಎಣಿಸಿ, ಕೆಲವನ್ನು ತೆಗೆಯಿರಿ

ಹೊಸದಾಗಿ ಕಲಿತವರು ಜಾಸ್ತಿ ಹಾಕುತ್ತಾರೆ. ಒಂದು ಪ್ಯಾರಾದಲ್ಲಿ ಮೂರು ಕಂಡರೆ (ಪಟ್ಟಿ ಬಿಟ್ಟು) ಒಂದನ್ನಾದರೂ ಪೂರ್ಣವಿರಾಮ ಮಾಡಿ. ಇನ್ನೊಂದನ್ನು 'ರೂ', 'ರೆ', 'ದು' ಹಚ್ಚಿ ಕನ್ನಡದ ದಾರಿಯಲ್ಲೇ ಜೋಡಿಸಿ. ಉಳಿದ ಒಂದು ಗಟ್ಟಿಯಾಗಿ ನಿಲ್ಲುತ್ತದೆ.

ಈಗ ಪೆನ್ಸಿಲ್ ಹಿಡಿದು ಈ ನಾಲ್ಕು ಸಾಲು ತಿದ್ದಿ. ಉತ್ತರ ಕೆಳಗಿದೆ, ಮೊದಲೇ ನೋಡಬೇಡಿ.

1. ಬಿಸಿಲು ಏರಿತು, ಎತ್ತುಗಳು ನಿಂತವು.
2. ಬಿಸಿಲು ಏರಿದರೂ, ಎತ್ತುಗಳು ನಿಲ್ಲಲಿಲ್ಲ.
3. ಸಂತೆಯಿಂದ ತಂದದ್ದು: ರೊಟ್ಟಿಗೆ ಜೋಳ, ಪಲ್ಯಕ್ಕೆ ಬದನೆಕಾಯಿ, ಹೀರೆಕಾಯಿ, ಮಕ್ಕಳಿಗೆ ಚುರುಮುರಿ, ಪೇರಲಹಣ್ಣು.
4. ಮಳೆ ಬರುತ್ತದೆ, ಎಂದು ರಾಶಿಗೆ ತಾಡಪತ್ರಿ ಹೊದಿಸಿದೆವು.

ಮೊದಲನೆಯದಕ್ಕೆ ಅರ್ಧವಿರಾಮ ಬೇಕು, ಎರಡೂ ಪೂರ್ಣ ಕ್ರಿಯಾಪದ. ಎರಡನೆಯದರಲ್ಲಿ ಅಲ್ಪವಿರಾಮವನ್ನೂ ತೆಗೆಯಬಹುದು. ಮೂರನೆಯದರಲ್ಲಿ 'ಜೋಳ' ಆದ ಮೇಲೆ ಒಂದು, 'ಹೀರೆಕಾಯಿ' ಆದ ಮೇಲೆ ಒಂದು ಅರ್ಧವಿರಾಮ. ನಾಲ್ಕನೆಯದರಲ್ಲಿ ಇರುವುದನ್ನು ತೆಗೆದುಬಿಡಿ, ಪಕ್ಕದಲ್ಲೇ 'ಎಂದು' ಇದೆಯಲ್ಲ.